'ಗೊತ್ತಿಲ್ಲ ಸರ್' ಎನ್ನುವುದೂ ಉತ್ತರವೇ

ದಾವಣಗೆರೆ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಜೂನ್ ಬಂತೆಂದರೆ ಹತ್ತನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ 'ಮುಂದೆ ಏನಾಗ್ತೀಯಾ?' ಎಂದು ಕೇಳುವುದು ಬಹಳ ವರ್ಷ ನನ್ನ ರೂಢಿಯಾಗಿತ್ತು. ಡಾಕ್ಟರ್, ಇಂಜಿನಿಯರ್, ಪೊಲೀಸ್, ಟೀಚರ್. ಉತ್ತರಗಳು ನನಗೂ ಬಾಯಿಪಾಠವಾಗಿದ್ದವು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ 'ಐಎಎಸ್ ಸರ್' ಎಂದ. ಎಲ್ಲರಿಂದ ಚಪ್ಪಾಳೆ ಹೊಡೆಸಿ ಪಾಠಕ್ಕೆ ಹೊರಳಿದೆ.

ಆ ಮಳೆಗಾಲದಲ್ಲಿ ಶಾಲೆಯ ಬೋರ್‌ವೆಲ್ ಮೋಟಾರು ಕೈಕೊಟ್ಟಿತು. ಊರಿನ ಮೆಕ್ಯಾನಿಕ್ ಬಂದು ಮೇನ್ ಆಫ್ ಮಾಡಿ ಸ್ಟಾರ್ಟರ್ ಡಬ್ಬಿ ಬಿಚ್ಚಿದ. ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದವನು ಅದೇ ಹುಡುಗ. ಮೆಕ್ಯಾನಿಕ್ ಕೇಳುವ ಮೊದಲೇ ಉಪ್ಪುಕಾಗದ ಮುಂದೆ ಚಾಚಿದ. 'ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದೆ ಸರ್, ಅದಕ್ಕೇ ಹಿಡ್ಕೊಳ್ತಿಲ್ಲ' ಎಂದು ನನಗೆ ತೋರಿಸಿದ. ನೀರಿನ ತೊಟ್ಟಿಯ ಕಟ್ಟೆ ಮೇಲೆ ಕೂತು 'ಇದೆಲ್ಲ ನಿನಗೆ ಹೇಗೆ ಗೊತ್ತು?' ಎಂದೆ. ತರಗತಿಯಲ್ಲಿ ಮೂರು ತಿಂಗಳಲ್ಲಿ ಹತ್ತು ಮಾತಾಡದವನು ಅರ್ಧ ಗಂಟೆ ಮಾತಾಡಿದ. ತಮ್ಮ ಹೊಲದ ಮೋಟಾರು ಎರಡು ಸಲ ಸುಟ್ಟಿದ್ದು, ರಜೆಯಲ್ಲಿ ಮೆಕ್ಯಾನಿಕ್ ಅಂಗಡಿಯಲ್ಲಿ ಕೂತು ತಾಮ್ರದ ತಂತಿ ಸುತ್ತುವುದನ್ನು ನೋಡಿದ್ದು, ಎಲ್ಲ ಹೇಳಿದ.

'ಮತ್ತೆ ಐಎಎಸ್ ಅಂದೆಯಲ್ಲೋ?'

'ನೀವು ಕೇಳಿದ ರೀತಿಗೆ ಅದೇ ಸರಿ ಅನ್ನಿಸ್ತು ಸರ್.'

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಕೇಳುತ್ತಿದ್ದದ್ದು ಪರೀಕ್ಷೆಯ ಪ್ರಶ್ನೆ. ಮಕ್ಕಳು ಬರೆಯುತ್ತಿದ್ದದ್ದು ಅಂಕ ಸಿಗುವ ಉತ್ತರ. ಅವರ ಮನಸ್ಸಿನ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ.

ಅಂದಿನಿಂದ ಪ್ರಶ್ನೆ ಬದಲಿಸಿದೆ. 'ಈ ವಾರ ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ?' ಎಂದು ಕೇಳುತ್ತೇನೆ. ಕೇಳುವ ಜಾಗವನ್ನೂ ಬದಲಿಸಿದೆ. ಎದುರಿಗೆ ನಿಲ್ಲಿಸಿಕೊಂಡರೆ ಹದಿನೈದರ ಮಕ್ಕಳು ನೆಲ ನೋಡುತ್ತಾರೆ. ಗಿಡಗಳಿಗೆ ನೀರು ಹಾಕುವಾಗ, ಬಸ್‌ಸ್ಟಾಪಿನವರೆಗೆ ಜೊತೆಗೆ ನಡೆಯುವಾಗ ಮಾತು ತಾನಾಗಿ ಬರುತ್ತದೆ.

ಆದರೆ ಮಾತು ಕೇಳಿಸಿಕೊಂಡರಷ್ಟೇ ಸಾಲದು, ದಾರಿಯೂ ಗೊತ್ತಿರಬೇಕು. ಐಟಿಐ ಎಂದರೆ ಓದು ಹತ್ತದವರು ಹೋಗುವ ಜಾಗ ಎಂದು ಆ ಹುಡುಗನ ತಾಯಿ ಕಣ್ಣೀರು ಹಾಕಿದರು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆದು ತೋರಿಸಿದೆ: ಎಲೆಕ್ಟ್ರಿಷಿಯನ್ ಐಟಿಐ 2 ವರ್ಷ, ಪಾಸಾದರೆ ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಇಂಜಿನಿಯರಿಂಗ್‌ನ ಎರಡನೇ ವರ್ಷ. ಆಕೆ ಆ ಗೆರೆಯ ಮೇಲೆ ಬೆರಳಿಟ್ಟು ಕೊನೆಯವರೆಗೂ ಎಳೆದುಕೊಂಡು ಹೋದರು. 'ಹಂಗಾದ್ರೆ ಬಾಗಿಲು ಮುಚ್ಚಲ್ಲ ಅನ್ರಿ' ಎಂದರು. ಹುಡುಗ ಐಟಿಐ ಸೇರಿದ.

ಇನ್ನೊಬ್ಬಳಿಗೆ ನರ್ಸ್ ಆಗುವ ಆಸೆ. ಬಿಎಸ್‌ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಜೀವಶಾಸ್ತ್ರ ಇರಲೇಬೇಕು. ವಿಜ್ಞಾನ ವಿಭಾಗವಿದ್ದದ್ದು ತಾಲ್ಲೂಕು ಕೇಂದ್ರದಲ್ಲಿ ಮಾತ್ರ. ಅಪ್ಪ ಬೇಡವೆಂದ. ಹೆಣ್ಣುಮಕ್ಕಳ ಓದಿನ ಬಗ್ಗೆ ಭಾಷಣ ಬಿಗಿದು ಬಂದೆ, ಅವನು ಜಗ್ಗಲಿಲ್ಲ. ಎರಡನೇ ಸಲ ಹೋದಾಗ 'ನಿಮಗೆ ಏನು ಹೆದರಿಕೆ?' ಎಂದಷ್ಟೇ ಕೇಳಿದೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ಅವನಿಗಿರಲಿಲ್ಲ. ಸಂಜೆ ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಗುತ್ತದೆ, ಅಲ್ಲಿಂದ ಊರಿಗೆ ಕತ್ತಲಲ್ಲಿ ಎರಡು ಕಿಲೋಮೀಟರ್ ನಡೆಯಬೇಕು. ಅವನ ಹೆದರಿಕೆ ಇದ್ದದ್ದು ಅಲ್ಲಿ. ಅದೇ ಕಾಲೇಜಿಗೆ ಹೊರಟಿದ್ದ ಇನ್ನಿಬ್ಬರು ಹುಡುಗಿಯರ ಮನೆಗೂ ಹೋದೆ. ಮೂವರು ಅಪ್ಪಂದಿರು ಸರದಿ ಹಾಕಿಕೊಂಡು ದಿನಾ ಸಂಜೆ ಬೈಕು ತಗೊಂಡು ಕ್ರಾಸಿಗೆ ಬರತೊಡಗಿದರು. ಈಗ ಆಕೆ ನರ್ಸಿಂಗ್ ಓದುತ್ತಿದ್ದಾಳೆ. ಮಕ್ಕಳ ಗುರಿಯ ಮಾತಾಡುವಾಗ ಬಸ್ಸಿನ ವೇಳೆಯನ್ನೂ ಮಾತಾಡಬೇಕು ಎಂದು ಕಲಿಸಿದವಳು ಅವಳು.

ಎಲ್ಲವೂ ಹೀಗೆ ನೇರವಾಗಲಿಲ್ಲ. ಅಪ್ಪನ ಕಿರಾಣಿ ಅಂಗಡಿಯ ಲೆಕ್ಕ ಬರೆಯುವುದು ಇಷ್ಟ ಎಂದಿದ್ದ ಹುಡುಗನನ್ನು, 625ಕ್ಕೆ 590 ದಾಟಿದನೆಂಬ ಒಂದೇ ಕಾರಣಕ್ಕೆ, ಸೈನ್ಸ್ ತಗೋ ಎಂದು ಹಿಂದೆ ಬಿದ್ದು ಸೇರಿಸಿದೆ. ಪ್ರಥಮ ಪಿಯುಸಿ ನಡುವೆಯೇ ಬಿಟ್ಟು ಬಂದ. ಮರುವರ್ಷ ಕಾಮರ್ಸ್ ಸೇರಿದ. ಅವನ ಒಂದು ವರ್ಷ ನನ್ನಿಂದ ಹೋಯಿತು. ಅವನು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ, ಅಂಕಪಟ್ಟಿಯನ್ನು ಮಾತ್ರ ಓದಿದ್ದೆ.

ಈ ಜೂನ್‌ನಲ್ಲಿ ತರಗತಿಯಲ್ಲಿ ಮುಂದಿನ ಓದಿನ ಮಾತು ಬಂದಾಗ ಒಬ್ಬಳು ಎದ್ದು ನಿಂತು 'ಇನ್ನೂ ಗೊತ್ತಿಲ್ಲ ಸರ್' ಎಂದಳು. ಮೊದಲಾಗಿದ್ದರೆ 'ಗುರಿ ಇಲ್ಲದವರು' ಎಂದು ಬುದ್ಧಿ ಹೇಳುತ್ತಿದ್ದೆ. 'ಆಗಲಿ, ಕೂತ್ಕೋ. ಗೊತ್ತಾಗೋಕೆ ಟೈಮಿದೆ' ಎಂದೆ. ಸಂಜೆ ಬೆಲ್ ಹೊಡೆದ ಮೇಲೆ ಗೇಟಿನ ಹೊರಗೆ ಅವಳು ಸೈಕಲ್ಲಿನಿಂದ ಇಳಿದಳು. ಅದನ್ನು ತಳ್ಳುತ್ತಾ ನನ್ನ ಪಕ್ಕ ಸ್ವಲ್ಪ ದೂರ ಸುಮ್ಮನೆ ನಡೆದಳು. ಆಮೇಲೆ ತಾನಾಗಿಯೇ ಮಾತು ತೆಗೆದಳು.