ಕೊಳವೆಬಾವಿ ಮೋಟರಿನ ವಿದ್ಯುತ್ ಪ್ರವಾಹವನ್ನು ಅಳೆಯುವ ಕ್ರಮ



ಕಳೆದ ಬೇಸಿಗೆಯಲ್ಲಿ ನಮ್ಮ ಪಂಚಾಯಿತಿಯ ಒಂದು ಕೊಳವೆಬಾವಿಯಲ್ಲಿ ನೀರಿನ ಮಟ್ಟ ಕುಸಿದಿದ್ದರೂ ಮೋಟರು ರಾತ್ರಿಯಿಡೀ ಓಡಿ ಸುಟ್ಟುಹೋಯಿತು. ಅದನ್ನು ಮೇಲೆತ್ತಿ ದುರಸ್ತಿಗೊಳಿಸುವವರೆಗೆ ಊರು ಟ್ಯಾಂಕರ್ ನೀರನ್ನೇ ಅವಲಂಬಿಸಬೇಕಾಯಿತು. ಈ ಅಪಾಯವನ್ನು ಸ್ಟಾರ್ಟರ್ ಪೆಟ್ಟಿಗೆಯ ಬಳಿಯೇ ಅರಿಯಬಹುದಾಗಿತ್ತು. ನೀರೆತ್ತದ ಪಂಪು ಎಂದಿಗಿಂತ ಕಡಿಮೆ ಆಂಪಿಯರ್ ಎಳೆಯುತ್ತದೆ. ಸಿಲುಕಿಕೊಂಡ ಪಂಪು ಹೆಚ್ಚು ಎಳೆಯುತ್ತದೆ. ಒಂದು ಫೇಸ್ ತಪ್ಪಿದರೆ ಆ ತಂತಿಯಲ್ಲಿ ಸೊನ್ನೆಯಾಗಿ ಉಳಿದೆರಡರಲ್ಲಿ ಏರುತ್ತದೆ.

ಅಳತೆಗಾಗಿ ತಂತಿಯನ್ನು ಕತ್ತರಿಸಬೇಕಾಗಿಲ್ಲ. ಎಸ್‌ಸಿಟಿ-013-000 ಎಂಬ ಇಕ್ಕಳ ಮಾದರಿಯ ಸಂವೇದಕವನ್ನು ತಂತಿಯ ಸುತ್ತ ಮುಚ್ಚಿದರೆ ಸಾಕು. ತಂತಿಯಲ್ಲಿ 100 ಆಂಪಿಯರ್ ಹರಿದಾಗ ಅದು 50 ಮಿಲಿಆಂಪಿಯರ್ ನೀಡುತ್ತದೆ. ಇದನ್ನು 33 ಓಮ್ ರೋಧಕದ ಮೂಲಕ ಹಾಯಿಸಿ ವೋಲ್ಟೇಜಾಗಿ ಪರಿವರ್ತಿಸಬೇಕು. ರೋಧಕವನ್ನು ಜೋಡಿಸದೆ ಇಕ್ಕಳವನ್ನು ವಿದ್ಯುತ್ ಹರಿಯುವ ತಂತಿಗೆ ಹಾಕಕೂಡದು. ಆರ್ಡುಯಿನೋ ಊನೋ ಎಂಬ ಮೈಕ್ರೋಕಂಟ್ರೋಲರ್ ಫಲಕವು ಋಣ ವೋಲ್ಟೇಜನ್ನು ಓದಲಾರದು. ಆದುದರಿಂದ ಎರಡು ಸಮಾನ ರೋಧಕಗಳಿಂದ 2.5 ವೋಲ್ಟಿನ ಆಧಾರಮಟ್ಟವನ್ನು ಕಲ್ಪಿಸಲಾಗುತ್ತದೆ.

ನಮ್ಮ 50 ಹರ್ಟ್ಸ್ ವಿದ್ಯುತ್ತು 20 ಮಿಲಿಸೆಕೆಂಡಿಗೊಮ್ಮೆ ಒಂದು ಆವರ್ತ ಮುಗಿಸುತ್ತದೆ. ಅರ್ಧ ಧನ, ಅರ್ಧ ಋಣವಾದುದರಿಂದ ನೇರ ಸರಾಸರಿ ಸೊನ್ನೆಯೇ. ಆದ್ದರಿಂದ ಹಲವು ಆವರ್ತಗಳುದ್ದಕ್ಕೂ ನೂರಾರು ಬಾರಿ ಓದಿ, ಆಧಾರಮಟ್ಟವನ್ನು ಕಳೆದು, ಪ್ರತಿಯೊಂದನ್ನೂ ವರ್ಗಗೊಳಿಸಿ, ಅವುಗಳ ಸರಾಸರಿಯ ವರ್ಗಮೂಲವನ್ನು ತೆಗೆಯಬೇಕು. ಇದೇ ಆರ್‌ಎಂಎಸ್ ಮೌಲ್ಯ; ಮೋಟರಿನ ಫಲಕದಲ್ಲಿ ನಮೂದಿಸಿರುವ ಆಂಪಿಯರ್ ಕೂಡ ಇದೇ.

ಇಕ್ಕಳದೊಳಗೆ ಒಂದೇ ಫೇಸಿನ ತಂತಿ ಇರತಕ್ಕದ್ದು. ಮೂರೂ ಫೇಸುಗಳನ್ನು ಒಟ್ಟಿಗೆ ಸೇರಿಸಿದರೆ ಅವುಗಳ ಪರಿಣಾಮ ಪರಸ್ಪರ ರದ್ದಾಗುತ್ತದೆ. ಎಂಜಿನಿಯರಿಂಗ್ ಓದಿದ ನಾನೇ ಮೊದಲ ದಿನ ಇಡೀ ಕೇಬಲನ್ನು ಇಕ್ಕಳಕ್ಕೆ ಹಾಕಿ, ಸೊನ್ನೆ ಕಂಡು, ಸಂವೇದಕವನ್ನು ದೂರಿದ್ದೆನು! ಫೇಸ್ ತಪ್ಪುವುದನ್ನೂ ಪತ್ತೆಹಚ್ಚಲು ಮೂರು ಸಂವೇದಕಗಳು ಬೇಕು.

ಈ ಜೋಡಣೆಯಲ್ಲಿ ಫಲಕದ ಒಂದೊಂದು ಹೆಜ್ಜೆಯೂ ಸುಮಾರು 0.3 ಆಂಪಿಯರಿಗೆ ಸಮ. ಎಂಟು ಆಂಪಿಯರಿನ ಮೋಟರಿಗೆ ಇದು ಒರಟು ಅಳತೆ. ತಂತಿಯನ್ನು ಇಕ್ಕಳದೊಳಗೆ ಎರಡು ಸುತ್ತು ಹಾಯಿಸಿ, ಬಂದ ಅಂಕಿಯನ್ನು ಎರಡರಿಂದ ಭಾಗಿಸಿದರೆ ನಿಖರತೆ ಹೆಚ್ಚುತ್ತದೆ. ನಾಲ್ಕು ಸುತ್ತು ಬೇಡ. ಮೋಟರು ಚಾಲನೆಗೊಳ್ಳುವಾಗಿನ ಪ್ರವಾಹವು ಹಲವು ಪಟ್ಟು ಏರಿ ಅಳತೆಯ ಮಿತಿಯನ್ನು ಮೀರೀತು.

ಈ ಅಂಕಿಯನ್ನು ಹಿಡಿದು ವಿದ್ಯುತ್ ಬಿಲ್ಲನ್ನು ಪ್ರಶ್ನಿಸಲಾಗದು. ಯೂನಿಟ್ ಲೆಕ್ಕಕ್ಕೆ ವೋಲ್ಟೇಜ್, ಪವರ್ ಫ್ಯಾಕ್ಟರ್ ಮತ್ತು ಓಡಿದ ಅವಧಿ ಕೂಡ ಬೇಕು.

ಜೋಡಣೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ, ಮುಖ್ಯ ಸ್ವಿಚ್ ತೆಗೆದ ಬಳಿಕವೇ ಮಾಡಿಸತಕ್ಕದ್ದು. ಬಾವಿ ತುಂಬಿರುವಾಗ ಒಂದು ವಾರ ಪ್ರತಿದಿನದ ಆಂಪಿಯರನ್ನು ನೀರುಗಂಟಿಯವರಿಂದ ಪಂಪ್‌ಹೌಸಿನ ವಹಿಯಲ್ಲಿ ಬರೆಸಿರಿ. ಮೋಟರನ್ನು ನಿಲ್ಲಿಸುವ ಕನಿಷ್ಠ ಮಿತಿಯನ್ನು ಆ ವಹಿಯ ಆಧಾರದಿಂದಲೇ ನಿಗದಿಪಡಿಸಬೇಕಾಗುತ್ತದೆ.