ಪುಟ್ಟಿ ಕೆರೆದಾಗ ಕಂಡ ಕಾರು

ತಗಡಿನ ಕಾರು ಗುದ್ದಿದರೆ ನೆಗ್ಗುತ್ತದೆ. ಟಿಂಕರಿಂಗ್‌ನವನು ಒಳಗಿನಿಂದ ಬಡಿದು, ಹೊರಗೆ ಪುಟ್ಟಿ ಎಳೆದು, ಬಣ್ಣ ಹೊಡೆದು ಕೈಗಿಡುತ್ತಾನೆ. ಫೈಬರ್ ಗ್ಲಾಸ್ ಮೈಯ ಕಾರಿಗೆ ಈ ಲೆಕ್ಕ ನಡೆಯುವುದಿಲ್ಲ. ಅದು ಒಂದು ಮಟ್ಟದವರೆಗೆ ಬಾಗಿ ಮತ್ತೆ ಮೊದಲಿನಂತಾಗುತ್ತದೆ, ಅದಕ್ಕೂ ಹೆಚ್ಚಾದರೆ ಸೀಳಿಬಿಡುತ್ತದೆ. ಬೆಂಗಳೂರಿನ ಇಂಜಿನಿಯರ್ ಒಬ್ಬರಿಗೆ ಇದು ಕಣ್ಣಾರೆ ಗೊತ್ತಾದದ್ದು ಚೆನ್ನೈ ಹೊರಗಿನ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ನಲ್ಲಿ, ಟ್ರ್ಯಾಕ್ ಡೇಗೆಂದು ಹೋದಾಗ.

ಅವರ ಕಾರು ಸ್ಯಾನ್ ಸ್ಟಾರ್ಮ್. 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ, ಟಾಪ್ ತೆರೆಯುವ ಪುಟ್ಟ ಸ್ಪೋರ್ಟ್ಸ್ ಕಾರು. 1149 ಸಿಸಿಯ ರೆನೋ ಎಂಜಿನ್, ಮೈಯೆಲ್ಲ ಫೈಬರ್. ಈ ಬಗೆಯ ಕಾರು ಬೆಂಗಳೂರಿಗೆ ಅಪರಿಚಿತವೇನಲ್ಲ. 1980ರ ದಶಕದಲ್ಲಿ ಇಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಇಂಗ್ಲೆಂಡಿನ ರಿಲಯಂಟ್ ಕಿಟನ್‌ನ ನಮ್ಮೂರ ಅವತಾರ. ಅದರದ್ದೂ ಫೈಬರ್ ಮೈ. ಹಗುರವಾಗಿದ್ದ ಆ ಗಾಡಿ ಶೋಲಾವರಂ ರೇಸುಗಳಲ್ಲಿ ಹೆಸರು ಮಾಡಿತ್ತು. ಡಾಲ್ಫಿನ್ ನೋಡುತ್ತ ಬೆಳೆದವರಿಗೆ ಸ್ಟಾರ್ಮ್ ಮೇಲೆ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಟ್ರ್ಯಾಕ್ ಡೇ ಎಂದರೆ ರೇಸಲ್ಲ. ಯಾರೂ ಸಮಯ ಅಳೆಯುವುದಿಲ್ಲ, ಕಪ್ಪೂ ಇಲ್ಲ. ಹೆಲ್ಮೆಟ್ ಹಾಕಿಕೊಂಡು, ಸರದಿ ಬಂದಾಗ ಸ್ವಂತ ಕಾರನ್ನು ಟ್ರ್ಯಾಕಿಗಿಳಿಸಿ ಮನಸಾರೆ ಓಡಿಸುವುದು, ಅಷ್ಟೆ. ಮಧ್ಯಾಹ್ನದ ಸರದಿಯಲ್ಲಿ ಮುಂದಿದ್ದ ಕಾರೊಂದು ತಿರುವಿನ ನಡುವೆಯೇ ಗಕ್ಕನೆ ಬ್ರೇಕ್ ಹಾಕಿತು. ಇವರು ತಪ್ಪಿಸಿಕೊಳ್ಳಲು ಹೋದರು. ಸ್ಟಾರ್ಮ್‌ನ ಹಿಂಭಾಗ ಹಗುರಾಗಿ ಜಾರಿತು, ಕಾರು ಗರಗರ ತಿರುಗುತ್ತ ಹುಲ್ಲು ದಾಟಿ ಟಯರ್ ಗೋಡೆಗೆ ಮೂತಿ ಕೊಟ್ಟಿತು. ಒಣಗಿದ ತೆಂಗಿನ ಗರಿ ಮುರಿದ ಹಾಗೆ ಒಂದು ಸದ್ದು. ಬೆಲ್ಟ್ ಬಿಗಿಯಾಗಿದ್ದರಿಂದ ಮೈಗೆ ಏನೂ ಆಗಲಿಲ್ಲ.

ಅವರನ್ನು ಈಗಲೂ ಕಾಡುವುದು ಡಿಕ್ಕಿಯಲ್ಲ, ಅದರ ನಂತರದ ಹತ್ತು ನಿಮಿಷ. ಎಡಗಡೆಯ ಮಡ್‌ಗಾರ್ಡ್, ಬಂಪರ್, ಹೆಡ್‌ಲೈಟಿನ ಗೂಡು ಚೂರುಚೂರಾಗಿ ಹುಲ್ಲಿನ ಮೇಲೆ ಬಿದ್ದಿದ್ದವು. ಮುಂದಿನ ಸರದಿಯವರು ಕಾಯುತ್ತಿದ್ದರು. ಮಾರ್ಷಲ್‌ಗಳು ಪೊರಕೆ, ಕಸದ ಚೀಲ ಹಿಡಿದು ಬಂದರು. ಹೆಲ್ಮೆಟ್ ಕೂಡ ತೆಗೆಯದೆ ಇವರು ಅಡ್ಡ ನಿಂತರು. ಇವರಿಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು. ಕೈಸನ್ನೆಯಲ್ಲೇ ಜಗಳ. ಅಂಗೈಯಗಲದ ತುಂಡಿನಿಂದ ಹಿಡಿದು ಉಗುರಿನಷ್ಟು ಚೂರಿನವರೆಗೆ ಎಲ್ಲವನ್ನೂ ಅದೇ ಕಸದ ಚೀಲಕ್ಕೆ ತುಂಬಿಸಿ ಡಿಕ್ಕಿಯಲ್ಲಿಟ್ಟುಕೊಂಡ ಮೇಲೆಯೇ ಕಾರನ್ನು ಎಳೆಯಲು ಬಿಟ್ಟದ್ದು. ಆ ಹಠವೇ ಮುಂದೆ ಕೈಹಿಡಿಯಿತು. ತಯಾರಿಕೆ ನಿಂತ ಕಾರಿಗೆ ಮೂತಿಯ ಆಕಾರ ಹೇಳಿಕೊಡಲು ಉಳಿದಿದ್ದದ್ದು ಆ ಚೂರುಗಳು ಮಾತ್ರ.

ಇನ್ನು ವಿಮೆ. ನಮ್ಮ ಪ್ಯಾಕೇಜ್ ಪಾಲಿಸಿಗಳಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ ಇತ್ಯಾದಿಗಳಿಗೆ ರಕ್ಷಣೆ ಇಲ್ಲವೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ರೇಸೇ ಅಲ್ಲವಲ್ಲ ಎಂದು ಇವರ ವಾದ. ರೇಸ್ ಟ್ರ್ಯಾಕ್‌ನಲ್ಲಿ ತರಕಾರಿ ತರಲು ಹೋಗಿದ್ದಿರಾ ಎಂದು ಸರ್ವೇಯರ್ ನಕ್ಕ. ರಸ್ತೆಯಲ್ಲೇ ಗುದ್ದಿದ್ದರೂ ಫೈಬರ್ ಭಾಗಗಳ ಬೆಲೆಯಲ್ಲಿ ಸವಕಳಿಯೆಂದು ಶೇ. 30 ಕಳೆಯುತ್ತಾರೆ ಎಂಬುದು ಆಮೇಲೆ ತಿಳಿಯಿತು. ಆದರೂ ಆ ನಗುವನ್ನು ಅವರು ಇನ್ನೂ ಕ್ಷಮಿಸಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಭಾವನ ಉಪದೇಶ: ‘ಗುಜರಿಗೆ ಹಾಕಿ ಒಂದು ಆಲ್ಟೋ ತಗೊಳ್ಳಯ್ಯ.’

ಕೊನೆಗೆ ಕಾರು ಸೇರಿದ್ದು ಪೀಣ್ಯದ ಒಂದು ಶೆಡ್‌ಗೆ. ಬಸ್ಸಿನ ಮುಂಭಾಗ, ನೀರಿನ ಟ್ಯಾಂಕು, ದೇವಸ್ಥಾನದ ಮೂರ್ತಿ, ಹೀಗೆ ಫೈಬರಿನಲ್ಲಿ ಏನು ಬೇಕಾದರೂ ಮಾಡುವ ಜಾಗ ಅದು. ಮೇಸ್ತ್ರಿ ಮೊದಲು ಜೇಬಿನಿಂದ ನಾಣ್ಯ ತೆಗೆದು ಮುಂಭಾಗದುದ್ದಕ್ಕೂ ತಟ್ಟುತ್ತ ಬಂದ. ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತಿತ್ತು, ಪದರ ಬಿಟ್ಟಲ್ಲಿ ಮಂಕು ಸದ್ದು. ಟಯರ್ ಗೋಡೆ ಮುಟ್ಟಿಯೇ ಇರದ ಬಲಗಡೆಯಲ್ಲೂ ಮಂಕು ಸದ್ದು ಬಂದಾಗ ಗ್ರೈಂಡರ್ ಇಟ್ಟ. ಬಿಳಿ ದೂಳು ಬರಬೇಕಾದ ಕಡೆ ಗುಲಾಬಿ ಬಣ್ಣದ ದೂಳು ಎದ್ದಿತು. ಬೆರಳು ದಪ್ಪದ ಪುಟ್ಟಿ ಚಕ್ಕೆಯಾಗಿ ಕಳಚಿ ಬಿತ್ತು. ಅದರ ಹಿಂದೆ ರಿವೆಟ್ ಹೊಡೆದ, ತುಕ್ಕು ಹಿಡಿದ ಒಂದು ತುಂಡು.

‘ಸಾರ್, ಇದು ಫೈಬರ್ ಅಲ್ಲ, ತಗಡು’ ಎಂದ ಮೇಸ್ತ್ರಿ.

ಒಂದು ಗೀರೂ ಬಿದ್ದಿಲ್ಲ ಎಂದು ಆಣೆ ಮಾಡಿ ಮಾರಿದ್ದ ಹಿಂದಿನ ಮಾಲೀಕನಿಗೂ, ಆ ಕೆಲಸ ಮಾಡಿದ್ದ ಗ್ಯಾರೇಜಿಗೂ ಇವರು ಅಂದು ಬೈದದ್ದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಫೈಬರ್ ರಿಪೇರಿಯ ಗುಟ್ಟು ಇಲ್ಲೇ ಇದೆ. ಬಲ ಬರುವುದು ಹಿಂಬದಿಯಿಂದ, ಅದೂ ಗಾಜಿನ ನಾರಿನಿಂದ. ಪುಟ್ಟಿಯಲ್ಲಿ ನಾರೇ ಇಲ್ಲ. ನಾರನ್ನು ಹಿಡಿದಿಡುವ ಅಂಟು, ಅಂದರೆ ಹೊಸ ರೆಸಿನ್, ಗಟ್ಟಿಯಾದ ಹಳೆಯ ಪದರದೊಂದಿಗೆ ಕರಗಿ ಒಂದಾಗುವುದಿಲ್ಲ, ಒರಟು ಮಾಡಿದ ಮೈಯನ್ನು ಕಚ್ಚಿ ಹಿಡಿಯುತ್ತದೆ. ಆದ್ದರಿಂದ ಸೀಳಿನ ಎರಡೂ ಬದಿ ಇಳಿಜಾರಾಗಿ ಕೆರೆಯಬೇಕು. ದಪ್ಪದ 12 ಪಟ್ಟು ಅಗಲ ಎಂಬುದು ರೂಢಿಯ ಲೆಕ್ಕ, ಅಂದರೆ 3 ಮಿಲಿಮೀಟರ್ ದಪ್ಪಕ್ಕೆ 36 ಮಿಲಿಮೀಟರ್. ಮೇಸ್ತ್ರಿ ಚೀಲದ ಚೂರುಗಳನ್ನು ನೆಲದ ಮೇಲೆ ಹರಡಿ ಜೋಡಿಸಿದ, ಹೊರಗಿನಿಂದ ಟೇಪು, ಅಲ್ಯೂಮಿನಿಯಂ ಪಟ್ಟಿ ಕಟ್ಟಿ ನಿಲ್ಲಿಸಿದ. ಬಾನೆಟ್ ಮುಚ್ಚಿ, ಹೆಡ್‌ಲೈಟ್ ಕೂರಿಸಿ ಸಂದು ಸರಿಯಿದೆಯೇ ಎಂದು ನೋಡಿದ ಮೇಲೆಯೇ ಒಳಗಿನಿಂದ ಗಾಜಿನ ನಾರಿನ ಮ್ಯಾಟ್ ಹಾಕಲು ಕೈ ಹಚ್ಚಿದ್ದು. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್, ಪ್ರತಿ ಪದರಕ್ಕೂ ರೋಲರ್ ಉರುಳಿಸಿ ಗಾಳಿಗುಳ್ಳೆ ಹೊರಗೆ. ಒಳಗಿನ ಮೈ ಗಟ್ಟಿಯಾದ ಮೇಲೆ ಹೊರಗಿನ ಸೀಳುಗಳನ್ನು ಕೆರೆದು ತೆಳುವಾಗಿ ನಾರು ತುಂಬಿದರು. ಪುಟ್ಟಿಗೆ ಸಿಕ್ಕಿದ್ದು ಕಡೆಯ ಸರದಿ, ಕಾಗದದಷ್ಟು ತೆಳು.

ಕೈಯಾರೆ ಮಾಡುವ ಆಸೆಯಿದ್ದವರಿಗೆ ಈ ಇಂಜಿನಿಯರ್ ಹೇಳುವ ಕೆಲವು ಮಾತು. ಅಂಗಡಿಯಲ್ಲಿ ರೆಸಿನ್ ಜೊತೆ ಎರಡು ಬಾಟಲಿ ಕೊಡುತ್ತಾರೆ, ನೇರಳೆ ಬಣ್ಣದ ಕೋಬಾಲ್ಟ್ ಮತ್ತು ನೀರಿನಂತಿರುವ ಹಾರ್ಡನರ್. ಇವೆರಡನ್ನು ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಚೆನ್ನಾಗಿ ಕಲಸಬೇಕು, ಬಳಸುವ ಹೊತ್ತಿಗೆ ಹಾರ್ಡನರ್ ಶೇ. 1ರಿಂದ 2. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು, ಕನ್ನಡಕ ಬಿಡಬಾರದು. ಬೇಸಿಗೆಯಲ್ಲಿ ಒಮ್ಮೆಗೆ ಜಾಸ್ತಿ ಕಲಸಿದರೆ ಡಬ್ಬಿಯಲ್ಲೇ ಬಿಸಿಯೇರಿ ಹೊಗೆಯಾಡುತ್ತದೆ. ಕೆರೆಯುವಾಗ ಮಾಸ್ಕ್, ತುಂಬು ತೋಳಿನ ಅಂಗಿ, ಆಮೇಲೆ ತಣ್ಣೀರ ಸ್ನಾನ. ಬಿಸಿನೀರು ಹಾಕಿಕೊಂಡರೆ ನವೆ ರಾತ್ರಿಯೆಲ್ಲ ಬಿಡದು. ಬಣ್ಣಕ್ಕೆ ಅವಸರ ಬೇಡ. ರೆಸಿನ್ ಕೆಲವು ವಾರ ಕುಗ್ಗುತ್ತಲೇ ಇರುತ್ತದೆ, ಮೊದಲೇ ಬಣ್ಣ ಹೊಡೆದರೆ ನಾರಿನ ಗುರುತು ಬಿಸಿಲಿಗೆ ಎದ್ದು ಕಾಣುತ್ತದೆ. ಮೇಲೆ ಏನೂ ಕಾಣದಿದ್ದರೂ ಚಾಸಿಯ ಕರ್ಣಗಳನ್ನು ಟೇಪು ಹಿಡಿದು ಅಳೆಸಬೇಕು, ಫೈಬರ್ ಪುಟಿದೆದ್ದು ಒಳಗಿನ ಸೊಟ್ಟನ್ನು ಮುಚ್ಚಿಬಿಡುತ್ತದೆ.

ಈಗ ಯಾರಾದರೂ ಹಳೆಯ ಫೈಬರ್ ಕಾರು ಕೊಳ್ಳಲು ಹೊರಟರೆ ಇವರನ್ನು ಜೊತೆಗೆ ಕರೆದೊಯ್ಯುತ್ತಾರೆ. ಮಾರುವವನು ಎಂಜಿನ್ ಹೊಗಳುತ್ತಿರುವಾಗ ಇವರು ಜೇಬಿನಿಂದ ಆಯಸ್ಕಾಂತ ತೆಗೆದು, ಕಬ್ಬಿಣದ ಬ್ರಾಕೆಟ್ ಇರುವ ಜಾಗ ಬಿಟ್ಟು, ಮಡ್‌ಗಾರ್ಡ್ ಮೇಲೆಲ್ಲ ಆಡಿಸುತ್ತಾರೆ. ಎಲ್ಲಾದರೂ ಕಚ್ಚಿಕೊಂಡಿತೋ, ಬೆಲೆ ಕೇಳುವ ಮೊದಲೇ ಸ್ನೇಹಿತನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬರುತ್ತಾರೆ.