ಮೊದಲು ಹಾಳೆಯ ಅಡಿಸಾಲು ಓದು

ಮಗಳೇ, ಕ್ವಾಯರ್ ಇನ್ನು ನಿನ್ನ ಕೈಯಲ್ಲಿದೆ. ಸೋಪ್ರಾನೋದವರನ್ನು ಎಲ್ಲಿ ನಿಲ್ಲಿಸಬೇಕು, ಬೇಸ್ ದನಿ ಶ್ರುತಿ ಇಳಿಸಿದರೆ ಹೇಗೆ ಎತ್ತಬೇಕು, ಇದನ್ನೆಲ್ಲ ನಾನು ಹೇಳಿಕೊಡಬೇಕಿಲ್ಲ. ನನಗೆ ಕಾಳಜಿ ಇರುವುದು ಬೀರುವಿನಲ್ಲಿರುವ ಹಾಳೆಗಳ ಬಗ್ಗೆ. ಹೊಸ ಹಾಡು ಸಿಕ್ಕಿದಾಗ ಮೊದಲ ಸ್ವರ ನೋಡುವ ಮುನ್ನ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿರುವ ಸಾಲನ್ನು ಓದು. ಪದ ಬರೆದವರು, ರಾಗ ಹಾಕಿದವರು, ಅದನ್ನು ನಾಲ್ಕು ದನಿಗೆ ಹೊಂದಿಸಿದವರು, ಅಚ್ಚು ಹಾಕಿದವರು ಎಂದು ಒಂದೇ ಹಾಡಿಗೆ ನಾಲ್ಕು ಹಕ್ಕುದಾರರಿರಬಹುದು.

ದೇವರಿಗೆ ಹಾಡಲು ಯಾರ ಅಪ್ಪಣೆ ಬೇಕು ಎಂದು ನಮ್ಮವರು ಕೇಳುತ್ತಾರೆ. ಹಾಡುವ ಮಟ್ಟಿಗೆ ಅವರ ಮಾತು ಸರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ನಿಜವಾದ ಧಾರ್ಮಿಕ ಆಚರಣೆಯಲ್ಲಿ ಹಾಡುವುದಕ್ಕೆ ವಿನಾಯಿತಿ ಕೊಟ್ಟಿದೆ. ಹವ್ಯಾಸಿ ತಂಡ ಹಣ ಪಡೆಯದೆ ಜನರಿಗೆ ಹಾಡಿದರೂ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದರೂ ತೊಂದರೆಯಿಲ್ಲ. ಆದರೆ ಆ ವಿನಾಯಿತಿ ಹಾಡುವುದಕ್ಕೆ ಮಾತ್ರ, ಜೆರಾಕ್ಸ್ ಮಾಡುವುದಕ್ಕಲ್ಲ. ಈ ವ್ಯತ್ಯಾಸ ನಿನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಒಂದು ಪ್ರತಿ ಕೊಂಡು ಮೂವತ್ತು ಜನರಿಗೆ ಜೆರಾಕ್ಸ್ ಹಂಚುವ ಚಾಳಿ ಎಷ್ಟೋ ಕ್ವಾಯರ್‌ಗಳಲ್ಲಿದೆ. ಪಿಡಿಎಫ್ ಬಂದ ಮೇಲಂತೂ ಒಂದು ವಾಟ್ಸಾಪ್ ಗುಂಪು ಸಾಕು. ಗಾಯನಕ್ಕೆಂದೇ ಬರೆಯುವ ಸಂಯೋಜಕನಿಗೆ ಸಿನಿಮಾದ ಸಂಭಾವನೆ ಇಲ್ಲ. ಮಾರಾಟವಾದ ಒಂದೊಂದು ಹಾಳೆಯ ಮೇಲೆ ಅವನಿಗೆ ಚಿಲ್ಲರೆ ಕಾಸು ಬರುತ್ತದೆ, ಅದೂ ನಾವು ಕೊಂಡರೆ. ಪಿಡಿಎಫ್ ಕೊಳ್ಳುವಾಗ ಎಷ್ಟು ಪ್ರತಿಗೆ ಪರವಾನಗಿ ಎಂದು ರಸೀದಿಯಲ್ಲೇ ಬರೆದಿರುತ್ತದೆ. ಇಪ್ಪತ್ತೈದಕ್ಕೆ ಕೊಂಡಿದ್ದರೆ ಇಪ್ಪತ್ತಾರನೆಯವರು ಸೇರಿದ ದಿನ ಇನ್ನೊಂದು ಕೊಳ್ಳು. ಹಣ ಸಾಲದಿದ್ದರೆ ಇಬ್ಬರು ಒಂದು ಪ್ರತಿ ನೋಡಿ ಹಾಡಲಿ, ಇಲ್ಲವೇ ಬೇರೆ ಕ್ವಾಯರಿನವರ ಅಚ್ಚಾದ ಪುಸ್ತಕಗಳನ್ನು ಎರವಲು ತಾ. ಅಚ್ಚು ನಿಂತುಹೋದ ಹಾಡಿದ್ದರೆ ಪ್ರಕಾಶಕರಿಗೆ ಬರೆದು ಕೇಳು.

ಹಳೆಯದೆಲ್ಲ ಮುಕ್ತ ಎಂದೂ ತಿಳಿಯಬೇಡ. ಹ್ಯಾಂಡೆಲ್ 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಹಾಡಿಸಿದ ‘ಮೆಸ್ಸಾಯ’ ಯಾರ ಸೊತ್ತೂ ಅಲ್ಲ. ಆದರೆ ಇತ್ತೀಚೆಗೆ ಯಾರೋ ಶ್ರಮಪಟ್ಟು ಸಂಪಾದಿಸಿ ಅಚ್ಚು ಹಾಕಿದ ಆವೃತ್ತಿಗೆ ಹಕ್ಕು ಇರಬಹುದು. ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿಯಲ್ಲಿ ಇಂಥ ಹಳೆಯ ಕೃತಿಗಳ ಉಚಿತ ಪ್ರತಿಗಳಿವೆ, ಮೊದಲು ಅಲ್ಲಿ ಹುಡುಕು.

ರಾಜ್ಯೋತ್ಸವಕ್ಕೆ ಭಾವಗೀತೆಗಳನ್ನು ನಾಲ್ಕು ದನಿಗೆ ಹೊಂದಿಸುತ್ತೇನೆ ಎಂದಿದ್ದೀಯಲ್ಲ, ನನಗೆ ಬಹಳ ಸಂತೋಷವಾಯಿತು. ಎಚ್ಚರ ಬೇಕಾದದ್ದು ಅಲ್ಲೇ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ವರ್ಷದ ಕೊನೆಯಿಂದ 60 ವರ್ಷ ಹಕ್ಕು ಉಳಿಯುತ್ತದೆ. ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರ ಪದ್ಯಗಳು 2024ರಿಂದ ಮುಕ್ತ. ಬೇಂದ್ರೆಯವರದಕ್ಕೆ 2041 ಮುಗಿಯಬೇಕು, ಕುವೆಂಪು ಅವರದಕ್ಕೆ 2054. ರಾಗದ ಲೆಕ್ಕ ಬೇರೆ: ಮೈಸೂರು ಅನಂತಸ್ವಾಮಿ 1995ರಲ್ಲಿ, ಅಶ್ವತ್ಥ್ 2009ರಲ್ಲಿ ಹೋದವರು. ಪುರಂದರದಾಸರ ಪದ ಎಲ್ಲರದು, ಆದರೆ ಅದಕ್ಕೆ ಮೊನ್ನೆ ಯಾರೋ ಹಾಕಿದ ಹೊಸ ರಾಗ ಎಲ್ಲರದಲ್ಲ. ಒಂದು ಗೀತೆಯನ್ನು ನಾಲ್ಕು ದನಿಗೆ ಹೊಂದಿಸುವುದೆಂದರೆ ಅದನ್ನು ರೂಪಾಂತರಿಸಿದಂತೆ. ಕವಿಯ ಮನೆಯವರಿಗೂ ರಾಗ ಹಾಕಿದವರ ಮನೆಯವರಿಗೂ ವಿನಯದಿಂದ ಪತ್ರ ಬರೆ. ಯಾವ ಗೀತೆ, ಎಲ್ಲಿ ಹಾಡುತ್ತೀರಿ, ಎಷ್ಟು ಪ್ರತಿ ಮಾಡುತ್ತೀರಿ ಎಂದು ಸ್ಪಷ್ಟವಾಗಿ ತಿಳಿಸಿ ಲಿಖಿತ ಒಪ್ಪಿಗೆ ಪಡೆ. ಫೋನಿನಲ್ಲಿ ‘ಆಯ್ತು, ಹಾಡಿ’ ಎಂದದ್ದು ನಿನ್ನ ನಂತರ ಬರುವವರಿಗೆ ಗೊತ್ತಾಗುವುದಿಲ್ಲ.

ಟಿಕೆಟ್ ಇಟ್ಟು ಕಛೇರಿ ಮಾಡುವ ದಿನ ಮಾತೇ ಬೇರೆ. ‘ಡೋನರ್ ಪಾಸ್’ ಎಂದು ಹೆಸರು ಬದಲಿಸಿದರೆ ಅದು ಪುಕ್ಕಟೆಯಾಗುವುದಿಲ್ಲ. ಪದಕರ್ತರು, ಸಂಯೋಜಕರ ಪರವಾಗಿ ಪರವಾನಗಿ ಕೊಡಲು 1969ರಿಂದ ಐಪಿಆರ್‌ಎಸ್ ಇದೆ. ಹಾಡುಗಳ ಪಟ್ಟಿ ಕಳಿಸಿ, ಯಾವುದು ಅವರ ವ್ಯಾಪ್ತಿಯಲ್ಲಿದೆ ಎಂದು ಮೊದಲೇ ವಿಚಾರಿಸು. ಅಲ್ಲಿ ಸಂದಾಯ ಮಾಡುವ ಹಣದ ಬಗ್ಗೆ ಗೊಣಗಬೇಡ. ಸಿನಿಮಾ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯ ಪಾಲು ತಪ್ಪದಂತೆ ಮಾಡಿದ್ದು 2012ರ ತಿದ್ದುಪಡಿ, ಅದಕ್ಕಾಗಿ ಕಲಾವಿದರು ದೀರ್ಘಕಾಲ ಹೋರಾಡಿದ್ದಾರೆ. ಆರಾಧನೆಯಲ್ಲಿ ಹಾಡಿದ್ದನ್ನು ಯೂಟ್ಯೂಬಿಗೆ ಹಾಕುವುದೂ ಬೇರೆಯೇ ವಿಷಯ. ಅದಕ್ಕೆ ಪ್ರತ್ಯೇಕ ಅನುಮತಿ ಕೇಳು.

ಒಂದು ದಪ್ಪ ರಿಜಿಸ್ಟರ್ ಇಡು. ಹಾಡಿನ ಹೆಸರು, ಹಕ್ಕುದಾರರು, ಕೊಂಡ ಪ್ರತಿಗಳು, ರಸೀದಿ, ಒಪ್ಪಿಗೆಯ ಪತ್ರ ಎಲ್ಲವೂ ಅದರಲ್ಲಿರಲಿ. ಪ್ರತಿಗಳಿಗೆ ಕ್ರಮಸಂಖ್ಯೆ ಹಾಕಿ, ಅಭ್ಯಾಸ ಮುಗಿದ ಮೇಲೆ ಎಣಿಸಿ ತೆಗೆದುಕೋ. ಕಾರ್ಯಕ್ರಮದ ಹಾಳೆಯಲ್ಲಿ ಹಾಡಿದವರ ಹೆಸರಿಗಿಂತ ಮೇಲೆ ಪದಕರ್ತರ, ಸಂಯೋಜಕರ ಹೆಸರು ಅಚ್ಚಾಗಲಿ.

ಈ ಸಲದ ಕ್ರಿಸ್ಮಸ್ ಹಾಡುಗಳನ್ನು ಆಗಸ್ಟಿನಲ್ಲೇ ಆರಿಸಿಬಿಡು. ಹೊರದೇಶದ ಪ್ರಕಾಶಕರಿಂದ ಉತ್ತರ ಬರಲು ವಾರಗಟ್ಟಲೆ ಹಿಡಿಯಬಹುದು, ಅಡ್ವೆಂಟ್ ಶುರುವಾಗುವಷ್ಟರಲ್ಲಿ ಹುಡುಗರ ಕೈಯಲ್ಲಿ ಹಾಳೆ ಇರಬೇಕು.